ಅಜ್ಜ ನೇಪಲ್ಸಿನವರಂತೆ, ಸರಿ, ಆದರೆ ಊರು ಯಾವುದು?

ನಾವಿರುವುದು ನ್ಯೂಜೆರ್ಸಿಯಲ್ಲಿ. ಪಕ್ಕದ ಮನೆಯ ಅಜ್ಜಿಗೆ 80 ದಾಟಿದೆ. ಹುಟ್ಟಿದ್ದು, ಬೆಳೆದದ್ದು ಎಲ್ಲಾ ಇಲ್ಲೇ. ಆದರೂ ಮಾತಿಗೆ ಕೂತರೆ "ನಾವು ಇಟಲಿಯವರು" ಅಂತಲೇ ಶುರು ಮಾಡುತ್ತಾರೆ. ಹೋದ ಚಳಿಗಾಲದಲ್ಲಿ ಒಂದು ಹಳೇ ಬಿಸ್ಕತ್ತಿನ ಡಬ್ಬ ಹಿಡಿದುಕೊಂಡು ಮನೆಗೆ ಬಂದರು. ಒಳಗೆ ನಾಲ್ಕು ಫೋಟೋ, ಒಂದು ಜಪಸರ, ಯಾರೋ ಸಂತನ ಚಿತ್ರವಿದ್ದ ಪುಟ್ಟ ಕಾರ್ಡು, ಮಡಿಕೆಯಲ್ಲಿ ಹರಿದ ಪೌರತ್ವದ ಸರ್ಟಿಫಿಕೇಟು. "ನೀನು ಕಂಪ್ಯೂಟರಿನವನು, ನಮ್ಮಜ್ಜನ ಊರು ಹುಡುಕಿಕೊಡು" ಅಂದರು.

"ಊರಿನ ಹೆಸರೇನು?"

"ನೇಪಲ್ಸ್."

ಓದುತ್ತಾ ಹೋದಂತೆ ಗೊತ್ತಾಯಿತು, ಈ ಉತ್ತರ ನಂಬಿ ದಾರಿ ತಪ್ಪಿದವನು ನಾನೊಬ್ಬನೇ ಅಲ್ಲ. ಅಮೆರಿಕದ ಇಟಾಲಿಯನ್ ಮನೆಗಳಲ್ಲಿ ಅರ್ಧ ಅಜ್ಜಂದಿರು ನೇಪಲ್ಸಿನವರು, ಇನ್ನರ್ಧ ಪಲೆರ್ಮೋದವರು. ಅವೆರಡೂ ಹಡಗು ಹತ್ತಿದ ಬಂದರುಗಳು. ಇಲ್ಲವೇ ಸುತ್ತಲಿನ ಸೀಮೆಗೆಲ್ಲಾ ಅದೇ ದೊಡ್ಡ ಊರು. ತುರುವೇಕೆರೆಯವರನ್ನು ದೆಹಲಿಯಲ್ಲಿ ಯಾರಾದರೂ ಕೇಳಿದರೆ "ಬೆಂಗಳೂರು" ಅಂದುಬಿಡುತ್ತಾರಲ್ಲ, ಹಾಗೆ. ಕೇಳಿದವರಿಗೆ ಅಷ್ಟು ಸಾಕು. ಹುಡುಕುವವರಿಗೆ ಸಾಲದು.

ಯಾಕೆ ಸಾಲದು ಅನ್ನುವುದೇ ಇಲ್ಲಿನ ಮುಖ್ಯ ಗಂಟು. ಇಟಲಿ ಒಂದು ದೇಶವಾದದ್ದು 1861ರಲ್ಲಿ. ಅದಕ್ಕೆ ಮುಂಚೆ ದಕ್ಷಿಣಕ್ಕೆ ಒಬ್ಬ ರಾಜ, ನಡುವೆ ಪೋಪ್, ಉತ್ತರದ ಒಂದು ಭಾಗಕ್ಕೆ ಆಸ್ಟ್ರಿಯಾದ ಚಕ್ರವರ್ತಿ. ಲೆಕ್ಕ ಬರೆಯುವ ಪದ್ಧತಿ ಒಬ್ಬೊಬ್ಬರದು ಒಂದೊಂದು. ದೇಶ ಒಂದಾದ ಮೇಲೂ ಹುಟ್ಟು, ಮದುವೆ, ಸಾವಿನ ಪುಸ್ತಕಗಳು ಊರಿನ ಆಡಳಿತದ ಕೈಯಲ್ಲೇ ಉಳಿದವು. ಇದಕ್ಕೆ ಅಲ್ಲಿ 'ಕೊಮೂನೆ' ಅನ್ನುತ್ತಾರೆ. ರೋಮ್ ಕೂಡ ಒಂದು ಕೊಮೂನೆ, ನೂರಿನ್ನೂರು ಜನರ ಬೆಟ್ಟದ ಹಳ್ಳಿಯೂ ಒಂದು ಕೊಮೂನೆ. ದೇಶದಲ್ಲಿ ಇಂಥವು ಸುಮಾರು 7,900 ಇವೆ. ಅಷ್ಟೂ ಊರುಗಳ ಹಳೇ ಪುಸ್ತಕಗಳಲ್ಲಿರುವ ಜನರ ಹೆಸರುಗಳನ್ನು ಸೇರಿಸಿದ ಒಂದೇ ಪಟ್ಟಿ ಎಲ್ಲೂ ಇಲ್ಲ. ಊರು ಗೊತ್ತಿದ್ದರೆ ಒಂದು ಸಂಜೆಯಲ್ಲಿ ಮುತ್ತಜ್ಜ ಸಿಗಬಹುದು. ಗೊತ್ತಿಲ್ಲದಿದ್ದರೆ ವರ್ಷಗಟ್ಟಲೆ ಸುಮ್ನೆ ಅಲೆಯಬೇಕು.

ಉತ್ತರ ಕರ್ನಾಟಕದವರಿಗೆ ಹೆಳವರು ಗೊತ್ತು. ಎತ್ತಿನ ಮೇಲೆ ಬಂದು, ಮನೆ ಮುಂದೆ ನಿಂತು, ಏಳೆಂಟು ತಲೆಮಾರಿನ ಹೆಸರು ಹೇಳಿ ಕಾಳು ಈಸಿಕೊಂಡು ಹೋಗುವವರು. ಇಟಲಿಯಲ್ಲಿ ಆ ಕೆಲಸವನ್ನು ಇಬ್ಬರು ಮಾಡಿದ್ದಾರೆ: ಊರಿನ ಪಾದ್ರಿ, ಕೊಮೂನೆಯ ಗುಮಾಸ್ತ. ಇವರು ಮನೆ ಬಾಗಿಲಿಗೆ ಬರುವುದಿಲ್ಲ, ನಾವೇ ಹೋಗಬೇಕು.

ಆದ್ದರಿಂದ ಹುಡುಕಾಟ ಶುರುವಾಗಬೇಕಾದ್ದು ಇಟಲಿಯಲ್ಲಿ ಅಲ್ಲ, ಅಜ್ಜ ಬಂದು ನೆಲೆಸಿದ ದೇಶದಲ್ಲಿ. ಡಬ್ಬದಲ್ಲಿದ್ದ ಪೌರತ್ವದ ಸರ್ಟಿಫಿಕೇಟಿನಲ್ಲಿ ಊರಿನ ಹೆಸರಿರಲಿಲ್ಲ. ಇಟಲಿಯ ಪ್ರಜೆಯಾಗಿದ್ದವರು ಅಂತಷ್ಟೇ ಇತ್ತು. ಇದು ಮಾಮೂಲು. ಆದರೆ ಆ ಸರ್ಟಿಫಿಕೇಟಿನ ಹಿಂದೆ ಒಂದು ಅರ್ಜಿ ಇರುತ್ತದೆ, ಅದು ಕೋರ್ಟಿನ ಕಡತದಲ್ಲಿ ಉಳಿದಿರುತ್ತದೆ. 1906ರಲ್ಲಿ ಅಮೆರಿಕದ ಪೌರತ್ವದ ಕಾನೂನು ಬದಲಾಯಿತು. ಆಮೇಲಿನ ಅರ್ಜಿಗಳಲ್ಲಿ ಹುಟ್ಟಿದ ಊರು, ಬಂದ ಹಡಗು, ಹೆಂಡತಿ ಮಕ್ಕಳ ಹೆಸರು ಎಲ್ಲಾ ಸಿಗುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ, 1917ರಲ್ಲಿ, ಸೈನ್ಯಕ್ಕೆಂದು ಗಂಡಸರ ಹೆಸರು ಬರೆಸಿದ ಕಾರ್ಡುಗಳಲ್ಲೂ ಹುಟ್ಟಿದ ಊರು ಕೇಳಿದ್ದರು. ಚರ್ಚಿನಲ್ಲಿ ಮದುವೆಯಾಗಿದ್ದರೆ ಇನ್ನೂ ಒಳ್ಳೆಯದು. 1908ರಿಂದ ಕ್ಯಾಥೊಲಿಕ್ ಪಾದ್ರಿ ಮದುವೆ ಮಾಡಿಸಿದರೆ, ವಧೂವರರಿಗೆ ದೀಕ್ಷಾಸ್ನಾನವಾದ ಚರ್ಚಿಗೆ ತಿಳಿಸಬೇಕೆಂಬ ನಿಯಮ ಬಂತು. ಹಾಗಾಗಿ ಆ ಚರ್ಚಿನ ಹೆಸರು ಎಷ್ಟೋ ಸಲ ಇಲ್ಲಿನ ಪುಸ್ತಕದಲ್ಲೇ ಬರೆದಿರುತ್ತದೆ.

ಇನ್ನು ಹಡಗಿನ ಪಟ್ಟಿ. ಹಡಗಿನಲ್ಲಿ ವಲಸೆ ಬಂದವರ ತಪಾಸಣೆ ನಡೆಯುತ್ತಿದ್ದದ್ದು ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ. "ಎಲ್ಲಿಸ್ ದ್ವೀಪದಲ್ಲಿ ಆಫೀಸರ್ ನಮ್ಮ ಹೆಸರು ಬದಲಾಯಿಸಿಬಿಟ್ಟ" ಅನ್ನುವ ಕತೆ ಇಲ್ಲಿ ಮನೆ ಮನೆಯಲ್ಲಿದೆ. ನಡೆದದ್ದು ಹಾಗಲ್ಲ. ಎಲ್ಲಿಸ್ ದ್ವೀಪದಲ್ಲಿ ಯಾರೂ ಹೆಸರು ಬರೆದುಕೊಳ್ಳುತ್ತಿರಲಿಲ್ಲ. ಹಡಗಿನ ಕಂಪನಿಯವರು ಹೊರಡುವ ಬಂದರಿನಲ್ಲೇ ಪಟ್ಟಿ ಮಾಡಿ ತರುತ್ತಿದ್ದರು. ಇಲ್ಲಿನವರು ಅದನ್ನು ಹಿಡಿದು ಪ್ರಶ್ನೆ ಕೇಳುತ್ತಿದ್ದರು. ಹೆಸರು ಬದಲಾದದ್ದು ಆಮೇಲೆ ಶಾಲೆಯಲ್ಲಿ, ಕೆಲಸದ ಜಾಗದಲ್ಲಿ, ಬಹಳ ಸಲ ಅವರವರ ಇಷ್ಟದಿಂದಲೇ. 1907ರ ಹೊತ್ತಿಗೆ ಆ ಪಟ್ಟಿಯಲ್ಲಿ ಎರಡು ಹೊಸ ಕಾಲಂ ಬಂದವು: ಹುಟ್ಟಿದ ಊರು, ಮತ್ತೆ ಊರಲ್ಲಿ ಬಿಟ್ಟು ಬಂದ ಹತ್ತಿರದ ನೆಂಟರ ಹೆಸರು, ವಿಳಾಸ. ಹುಡುಕುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ನಮ್ಮ ಅಜ್ಜಿಯ ವಿಷಯದಲ್ಲಿ ಮೊದಲ ಸುಳಿವು ಕೊಟ್ಟದ್ದು ಆ ಸಂತನ ಕಾರ್ಡು. ಅದರ ಮೇಲೆ 'ಸಾನ್ ಕಾನಿಯೊ' ಅಂತಿತ್ತು. ಅಜ್ಜನ ಅಣ್ಣನ ಹೆಸರೂ ಕಾನಿಯೊ. ಇದು ಇಟಲಿಯಲ್ಲೆಲ್ಲಾ ಇಡುವ ಹೆಸರಲ್ಲ. ನಮ್ಮಲ್ಲಿ ಮಾದಪ್ಪ, ಮಾದೇಶ ಅಂದರೆ ಚಾಮರಾಜನಗರದ ಕಡೆಗೆ ಕಿವಿ ಹೋಗುತ್ತದಲ್ಲ, ಅಲ್ಲೂ ಹಾಗೇ. ರೊಸಾಲಿಯಾ ಅಂದರೆ ಪಲೆರ್ಮೋ, ಜೆನ್ನಾರೊ ಅಂದರೆ ನೇಪಲ್ಸ್, ಒರೊಂತ್ಸೊ ಅಂದರೆ ಲೆಚ್ಚೆ, ಗವೀನೊ ಅಂದರೆ ಸಾರ್ಡಿನಿಯಾ. ಊರ ದೇವರ ಹೆಸರು ಮಕ್ಕಳಿಗೆ. ಸಾನ್ ಕಾನಿಯೊ ಕಾಯುವ ಊರುಗಳಲ್ಲಿ ಮುಖ್ಯವಾದವು ಎರಡು: ಬಸಿಲಿಕಾತಾ ಪ್ರಾಂತದ ಅಚೆರೆಂತ್ಸಾ, ಅವೆಲ್ಲಿನೋ ಜಿಲ್ಲೆಯ ಕಲೀತ್ರಿ. ಎರಡೂ ಬೆಟ್ಟದ ಮೇಲಿನ ಊರುಗಳು. ಆಮೇಲೆ ಹಡಗಿನ ಪಟ್ಟಿ ಸಿಕ್ಕಿತು. 1909. ನೆಂಟರ ಕಾಲಂನಲ್ಲಿ ಸೊಟ್ಟ ಅಕ್ಷರದಲ್ಲಿ: ತಂದೆ, ವೀತೊ, 'ಗಲೀತ್ರಿ'.

ಅಜ್ಜಿಗೆ ಓದಿ ಹೇಳಿದೆ. "ಕಲೀತ್ರಿ? ಅಜ್ಜ ಸಿಟ್ಟು ಬಂದಾಗ ಆ ಮಾತು ಅಂತಿದ್ದರು. ನಾವದನ್ನು ಬೈಗುಳ ಅಂದುಕೊಂಡಿದ್ದೆವು" ಅಂದರು.

ಊರಿನ ಹೆಸರು ಕೈಗೆ ಬಂದರೂ ಒಂದು ಎಚ್ಚರ ಬೇಕು. ಊರುಗಳೂ ಹೆಸರು ಬದಲಾಯಿಸಿಕೊಂಡಿವೆ. ಜಿರ್ಜೆಂತಿ 1927ರಲ್ಲಿ ಅಗ್ರಿಜೆಂತೊ ಆಯಿತು. ಅದೇ ವರ್ಷ ತೆರ್ರನೋವಾ ಅನ್ನುವ ಊರು ಜೇಲಾ ಆಯಿತು. ಪಿಯಾನಾ ದೇಯಿ ಗ್ರೇಚಿ 1941ರಲ್ಲಿ ಪಿಯಾನಾ ದೇಲ್ಯಿ ಅಲ್ಬನೇಸಿ ಆಯಿತು. ಹಳೇ ಕಾಗದದಲ್ಲಿರುವ ಊರು ಇವತ್ತಿನ ನಕ್ಷೆಯಲ್ಲಿ ಇಲ್ಲ ಅಂತ ಕೈಬಿಡಬೇಡಿ.

ಈಗ ಇಟಲಿಗೆ ಬರೋಣ. ಯಾವ ಊರಿನಲ್ಲಿ ಎಷ್ಟು ಹಿಂದಿನ ಸರ್ಕಾರಿ ಪುಸ್ತಕ ಇದೆ ಅನ್ನುವುದು, ಆ ಊರು ಯಾವ ರಾಜನ ಕೈಯಲ್ಲಿತ್ತು ಅನ್ನುವುದರ ಮೇಲೆ ನಿಂತಿದೆ. ಹುಟ್ಟು ಸಾವನ್ನು ಸರ್ಕಾರವೇ ಬರೆಸಬೇಕು ಅನ್ನುವ ಪದ್ಧತಿ ತಂದದ್ದು ನೆಪೋಲಿಯನ್ನನ ಕಡೆಯವರು. ನೇಪಲ್ಸ್ ರಾಜ್ಯದಲ್ಲಿ ಇದು 1809ರಲ್ಲಿ ಶುರು. ನೆಪೋಲಿಯನ್ ಸೋತು ಹಳೇ ರಾಜ ವಾಪಸು ಬಂದರೂ ಈ ಪದ್ಧತಿ ಮಾತ್ರ ಬಿಡಲಿಲ್ಲ. ಸಿಸಿಲಿಗೆ 1820ರಲ್ಲಿ ಬಂತು. ಉತ್ತರದಲ್ಲಿ ಬೇರೆ ಕತೆ. ಅಲ್ಲೂ ನೆಪೋಲಿಯನ್ ಕಾಲದಲ್ಲಿ ಶುರುವಾಗಿತ್ತು, ಆದರೆ 1815ರ ಹೊತ್ತಿಗೆ ನಿಂತುಹೋಗಿ ಕೆಲಸ ಮತ್ತೆ ಪಾದ್ರಿಗಳ ಪಾಲಾಯಿತು. ಇಡೀ ದೇಶಕ್ಕೆ ಒಂದೇ ಪದ್ಧತಿ ಬಂದದ್ದು 1866ರ ಜನವರಿ 1ರಿಂದ; ವೆನಿಸ್ ಸೀಮೆಗೆ, ರೋಮ್ ಸುತ್ತಮುತ್ತಲಿಗೆ ಮಾತ್ರ 1871ರಲ್ಲಿ. ಹಾಗಾಗಿ ಒಂದು ತಮಾಷೆ ನೋಡಿ: ಬಡ ದಕ್ಷಿಣದ ಕೂಲಿಯವನ ವಂಶ ಹುಡುಕುವುದು ಎಷ್ಟೋ ಸಲ ಉತ್ತರದ ಅನುಕೂಲಸ್ಥನ ವಂಶ ಹುಡುಕುವುದಕ್ಕಿಂತ ಸುಲಭ.

ಪ್ರತಿ ಪುಸ್ತಕವನ್ನೂ ಎರಡು ಪ್ರತಿ ಬರೆಯುತ್ತಿದ್ದರು. ಒಂದು ಕೊಮೂನೆಯಲ್ಲೇ ಉಳಿಯುತ್ತಿತ್ತು, ಇನ್ನೊಂದು ಜಿಲ್ಲೆಯ ಕೋರ್ಟಿಗೆ. ಕೋರ್ಟಿನ ಪ್ರತಿ 70 ವರ್ಷದ ಮೇಲೆ ಸರ್ಕಾರಿ ದಾಖಲೆ ಭಂಡಾರಕ್ಕೆ ಹೋಗುತ್ತದೆ. ಎರಡು ಪ್ರತಿ ಇದ್ದದ್ದು ಎಷ್ಟು ಒಳ್ಳೆಯದಾಯಿತು ಅಂತ ಕಲೀತ್ರಿಯಂಥ ಊರನ್ನು ನೋಡಿದರೆ ಅರ್ಥವಾಗುತ್ತದೆ. 1910ರ ಜೂನಿನಲ್ಲಿ ಅಲ್ಲಿ ಭೂಕಂಪವಾಯಿತು. 1980ರ ನವೆಂಬರ್ 23ರ ಭಾನುವಾರ ಸಂಜೆ ಇನ್ನೂ ದೊಡ್ಡದು. ಆ ಸೀಮೆಯಲ್ಲೆಲ್ಲಾ ಸೇರಿ ಸುಮಾರು 2,900 ಜನ ಸತ್ತರು. ಇಂಥ ಕಡೆ ಒಂದೇ ಪ್ರತಿ ಇದ್ದಿದ್ದರೆ ಏನು ಗತಿ?

ಭಂಡಾರದ ಪ್ರತಿಗಳನ್ನು ಇಟಲಿ ಸರ್ಕಾರ ಸ್ಕ್ಯಾನ್ ಮಾಡಿ 'ಆಂತೆನಾತಿ' ಎಂಬ ಜಾಲತಾಣದಲ್ಲಿ ಹಾಕುತ್ತಾ ಬಂದಿದೆ. ಆಂತೆನಾತಿ ಅಂದರೆ ಪೂರ್ವಿಕರು. ದುಡ್ಡು ಕೊಡಬೇಕಿಲ್ಲ. ಮಾರ್ಮನ್ ಚರ್ಚಿನವರ 'ಫ್ಯಾಮಿಲಿಸರ್ಚ್' ಕೂಡ ಪುಕ್ಕಟೆ. ಹೆಸರು ಹಾಕಿದ ತಕ್ಷಣ ಎಲ್ಲಾ ಬಂದುಬಿಡುತ್ತದೆ ಅಂದುಕೊಳ್ಳಬೇಡಿ. ಬಹಳಷ್ಟು ಪುಸ್ತಕಗಳು ಬರೀ ಚಿತ್ರಗಳು, ಪುಟ ತಿರುವುತ್ತಾ ಹೋಗಬೇಕು. ವರ್ಷದ ಕೊನೆಯಲ್ಲಿ ಹೆಸರಿನ ಪಟ್ಟಿ ಇರುತ್ತದೆ, ಮೊದಲು ಅದನ್ನೇ ನೋಡಿ. ವಯಸ್ಸನ್ನು ಮಾತ್ರ ಪೂರ್ತಿ ನಂಬಬೇಡಿ. ಅಮೆರಿಕದ ಕಾಗದದ ಪ್ರಕಾರ ಈ ಅಜ್ಜ ಹುಟ್ಟಿದ್ದು 1886. ಸಿಕ್ಕಿದ್ದು 1884ರ ಪುಸ್ತಕದಲ್ಲಿ. ನಮ್ಮ ಅಪ್ಪ ಅಮ್ಮಂದಿರ ಪೀಳಿಗೆಯಲ್ಲಿ ಜೂನ್ 1ಕ್ಕೆ ಹುಟ್ಟಿದವರು ಎಷ್ಟು ಜನ ಅಂತ ಯೋಚಿಸಿ, ಆಶ್ಚರ್ಯ ಆಗುವುದಿಲ್ಲ.

ಆ ಜನನದ ಪುಟವನ್ನು ಒಂದು ಸಲ ನಿಧಾನವಾಗಿ ಓದೋಣ. ಒಂದು ಓದಲು ಬಂದರೆ ಆ ಕಾಲದ ಬಹಳಷ್ಟು ಪುಟಗಳು ಓದಲು ಬರುತ್ತವೆ, ಯಾಕೆಂದರೆ ಸಾಲುಗಳು ಅಚ್ಚಾಗಿವೆ, ನಡುವಿನ ಖಾಲಿ ಜಾಗ ಮಾತ್ರ ಕೈಬರಹ. ಮೊದಲು ಇಸವಿ, ಅಂಕಿಯಲ್ಲಿ ಅಲ್ಲ, ಅಕ್ಷರದಲ್ಲಿ, ಒಂದೇ ಉದ್ದನೆಯ ಪದವಾಗಿ. ಆಮೇಲೆ ತಿಂಗಳು, ದಿನ, ಗಂಟೆ, ನಿಮಿಷ. 'ಊರಿನ ಕಚೇರಿಯಲ್ಲಿ, ನನ್ನ ಮುಂದೆ ಹಾಜರಾದ ವೀತೊ, ವಯಸ್ಸು ಇಷ್ಟು, ಕೊಂತದೀನೊ, ಕಲೀತ್ರಿಯ ವಾಸಿ...' ಕೊಂತದೀನೊ ಅಂದರೆ ಬೇಸಾಯದವನು. ಬ್ರಚ್ಚಾಂತೆ ಅಂತಿದ್ದರೆ ದಿನಗೂಲಿ, 'ಬ್ರಾಚ್ಚೊ' ಅಂದರೆ ತೋಳು, ತೋಳು ಮಾರಿ ಬದುಕುವವನು. 'ಇಂಥ ಬೀದಿಯ ಇಷ್ಟನೇ ನಂಬರಿನ ಮನೆಯಲ್ಲಿ, ನನ್ನ ಹೆಂಡತಿ ಇಂಥವಳಿಗೆ ಗಂಡು ಮಗು ಹುಟ್ಟಿದೆ ಎಂದು ಹೇಳಿ, ಆ ಮಗುವನ್ನು ನನಗೆ ತೋರಿಸಿದನು.' ಇದು ಬರೀ ಮಾತಲ್ಲ. ಹುಟ್ಟಿದ ಐದು ದಿನದೊಳಗೆ ಕೂಸನ್ನು ನಿಜವಾಗಿ ಎತ್ತಿಕೊಂಡು ಹೋಗಿ ತೋರಿಸಬೇಕೆಂದು ಕಾನೂನಿತ್ತು. ಚಳಿಗಾಲದಲ್ಲಿ, ಬೆಟ್ಟದ ಮೆಟ್ಟಿಲುಗಳಲ್ಲಿ! ಕೊನೆಯಲ್ಲಿ ಇಬ್ಬರು ಸಾಕ್ಷಿಗಳು, ಮತ್ತೆ ಒಂದು ಸಾಲು: ತಂದೆಗೆ ಬರೆಯಲು ಬಾರದ ಕಾರಣ ಸಹಿ ಮಾಡಿಲ್ಲ. ಪುಟದ ಅಂಚನ್ನೂ ನೋಡಬೇಕು. ಆ ಮಗು ದೊಡ್ಡವನಾಗಿ ಮದುವೆಯಾದದ್ದನ್ನು ಎಷ್ಟೋ ಸಲ ಅಲ್ಲೇ ಗುರುತು ಹಾಕಿರುತ್ತಾರೆ.

ಬೀಳುವ ಹಳ್ಳಗಳು ಕೆಲವು. '7ಬ್ರೆ' ಅಂತ ಕಂಡರೆ ಜುಲೈ ಅಂದುಕೊಳ್ಳುತ್ತೇವೆ. ಅದು ಸೆಪ್ಟೆಂಬರ್. ಇಟಾಲಿಯನ್ನಿನಲ್ಲಿ ಏಳಕ್ಕೆ 'ಸೆತ್ತೆ', ತಿಂಗಳು 'ಸೆತ್ತೆಂಬ್ರೆ', ಗುಮಾಸ್ತ ಅರ್ಧ ಪದ ಉಳಿಸಿದ್ದಾನೆ. ಹಾಗೇ 8ಬ್ರೆ ಅಕ್ಟೋಬರ್, 9ಬ್ರೆ ನವೆಂಬರ್, 10ಬ್ರೆ ಡಿಸೆಂಬರ್. ನಾನು ಇದೊಂದು ತಿಳಿಯದೆ ಎರಡು ಸಂಜೆ ಕಳೆದೆ. ಇನ್ನೊಂದು, ತಂದೆಯ ಹೆಸರಿನ ಮುಂದೆ ಬರುವ 'ದಿ', 'ಫೂ' ಎಂಬ ಸಣ್ಣ ಪದಗಳು. 'ದಿ ವೀತೊ' ಅಂದರೆ ವೀತೊನ ಮಗ, ವೀತೊ ಬದುಕಿದ್ದಾನೆ. 'ಫೂ ವೀತೊ' ಅಂದರೆ ದಿವಂಗತ ವೀತೊನ ಮಗ. ಎರಡಕ್ಷರದಲ್ಲಿ ಒಬ್ಬನ ಸಾವು ಯಾವ ವರ್ಷಗಳ ನಡುವೆ ಆಗಿರಬೇಕು ಅಂತ ತಿಳಿದುಬಿಡುತ್ತದೆ.

ದೊಡ್ಡ ತಲೆನೋವು ಒಂದೇ ಹೆಸರಿನ ಹತ್ತು ಜನ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು, ಹೆಣ್ಣುಮಕ್ಕಳಿಗೂ ಹೀಗೇ ಅಜ್ಜಿಯರ ಹೆಸರು. ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ನಾಲ್ವರು ಅಣ್ಣತಮ್ಮಂದಿರಿಗೆ ತಲಾ ಒಬ್ಬ ಮಗ ಹುಟ್ಟಿದರೆ ನಾಲ್ವರಿಗೂ ಒಂದೇ ಹೆಸರು, ಒಂದೇ ಮನೆತನ. ಮಗು ಸತ್ತರೆ ಮುಂದೆ ಹುಟ್ಟಿದ ಕೂಸಿಗೆ ಅದೇ ಹೆಸರನ್ನು ಮತ್ತೆ ಇಡುತ್ತಿದ್ದರು. ಅದಕ್ಕೇ ಊರವರು ಅಡ್ಡಹೆಸರಿಟ್ಟು ಗುರುತಿಸುತ್ತಿದ್ದರು, ಸಿಸಿಲಿಯಲ್ಲಿ ಅದಕ್ಕೆ 'ಇಂಜೂರಿಯಾ' ಅನ್ನುತ್ತಾರೆ. ನಮ್ಮ ಅಜ್ಜನ ಹೆಸರಿನ ಹುಡುಗರು 1883ರಿಂದ 1886ರೊಳಗೆ ಇಬ್ಬರು ಸಿಕ್ಕರು. ಬಿಡಿಸಿಕೊಟ್ಟದ್ದು ತಾಯಿಯ ಹೆಸರು. ಇಟಲಿಯ ಕಾಗದಗಳಲ್ಲಿ ಹೆಂಗಸರು ಸಾಯುವವರೆಗೂ ತವರಿನ ಮನೆತನದ ಹೆಸರಿನಲ್ಲೇ ಇರುತ್ತಾರೆ. ಅಮೆರಿಕದಲ್ಲಿ ಮದುವೆಯಾದ ದಿನವೇ ಮಾಯವಾಗುವ ಹೆಸರು ಅಲ್ಲಿ ಉಳಿದಿರುತ್ತದೆ.

ದಕ್ಷಿಣದವರಿಗೆ ಇನ್ನೊಂದು ನಿಧಿ ಇದೆ, 'ಪ್ರೊಚೆಸ್ಸೆತ್ತಿ'. 1865ಕ್ಕೆ ಮುಂಚೆ ನೇಪಲ್ಸ್ ರಾಜ್ಯದಲ್ಲಿ ಮದುವೆಯಾಗಬೇಕಾದರೆ ಒಂದು ಕಟ್ಟು ಕಾಗದ ಕೊಡಬೇಕಿತ್ತು. ಗಂಡು ಹೆಣ್ಣಿನ ಜನನ ಪತ್ರ, ಅಪ್ಪ ತೀರಿಹೋಗಿದ್ದರೆ ಅವನ ಮರಣ ಪತ್ರ. ಅಪ್ಪ ಇಲ್ಲದಿದ್ದರೆ ಒಪ್ಪಿಗೆ ಕೊಡಬೇಕಾದವನು ಅಜ್ಜ. ಅವನೂ ಇಲ್ಲದಿದ್ದರೆ ಅವನ ಮರಣ ಪತ್ರವನ್ನೂ ತರಬೇಕು. 1850ರ ಸುಮಾರಿನ ಒಂದು ಮದುವೆಯ ಕಟ್ಟು ಬಿಚ್ಚಿದರೆ 1760ರಲ್ಲಿ ಹುಟ್ಟಿದ ಮುದುಕ ಸಿಗುತ್ತಾನೆ, ಸರ್ಕಾರದ ಪುಸ್ತಕ ಹುಟ್ಟುವುದಕ್ಕೂ 50 ವರ್ಷ ಹಿಂದಿನವನು. ನನಗೆ ಇಡೀ ಹುಡುಕಾಟದಲ್ಲಿ ಮೈ ಜುಮ್ಮೆಂದದ್ದು ಇಲ್ಲಿ. ಆ ಮದುಮಗಳ ಅಪ್ಪ, ಅಜ್ಜ ಇಬ್ಬರೂ ಹೋಗಿದ್ದರು. ಇವತ್ತಿನವರಿಗೆ ಅದೇ ಲಾಭ.

ಅದಕ್ಕೂ ಹಿಂದೆ ಹೋಗಬೇಕೆಂದರೆ ಚರ್ಚಿನ ಪುಸ್ತಕಗಳೇ ಗತಿ. ದೀಕ್ಷಾಸ್ನಾನ, ಮದುವೆ ಬರೆದಿಡಬೇಕೆಂದು ಕ್ಯಾಥೊಲಿಕ್ ಬಿಷಪ್ಪರ ಟ್ರೆಂಟ್ ಸಭೆ 1563ರಲ್ಲಿ ಗೊತ್ತುಮಾಡಿತು. 1614ರಲ್ಲಿ ಸಾವು, ಜೊತೆಗೆ 'ಆತ್ಮಗಳ ಲೆಕ್ಕ' ಅನ್ನುವ ಮನೆಮನೆ ಪಟ್ಟಿಯೂ ಸೇರಿಕೊಂಡಿತು. ಈ ಪುಸ್ತಕಗಳು ಜಾಸ್ತಿ ಲ್ಯಾಟಿನ್ನಿನಲ್ಲಿ. ಜೊವಾನ್ನಿ ಅಲ್ಲಿ ಯೊವಾನ್ನೆಸ್, ಜಿರೋಲಮೊ ಅಲ್ಲಿ ಹಿಯರೊನಿಮುಸ್, ಲುಯಿಜಿ ಅಲ್ಲಿ ಅಲೋಶಿಯಸ್. ಮಂಗಳೂರಿನವರ ಬಾಯಲ್ಲಿ ದಿನಾ ಓಡಾಡುವ ಅಲೋಶಿಯಸ್ ಇವನೇ: ಉತ್ತರ ಇಟಲಿಯ ಲುಯಿಜಿ ಗೊಂಜಾಗಾ. ಅವನ ಹೆಸರಿನ ಮಂಗಳೂರಿನ ಕಾಲೇಜಿನ ಚಾಪೆಲ್ಲಿನ ಗೋಡೆಗೆಲ್ಲಾ ಚಿತ್ರ ಬರೆದ ಅಂತೋನಿಯೊ ಮೊಸ್ಕೇನಿಯೂ ಬೆರ್ಗಮೋ ಹತ್ತಿರದ ಸ್ತೆತ್ಸಾನೊ ಊರಿನವರೇ.

ಕೆಲವು ಸಲ ದಾರಿ ಒಂದು ಗೋಡೆಗೆ ಬಂದು ನಿಲ್ಲುತ್ತದೆ. ನೇಪಲ್ಸಿನ ಅನ್ನುಂತ್ಸಿಯಾತಾ ಆಸ್ಪತ್ರೆಯ ಗೋಡೆಯಲ್ಲಿ ಒಂದು ತಿರುಗುವ ಚಕ್ರವಿತ್ತು. ಸಾಕಲಾರದವರು ರಾತ್ರಿ ಕೂಸನ್ನು ಅದರಲ್ಲಿಟ್ಟು ತಿರುಗಿಸಿ ಹೋಗುತ್ತಿದ್ದರು. ಚಕ್ರ ಮುಚ್ಚಿದ್ದು 1875ರಲ್ಲಿ. ಹಾಗೆ ಬಂದ ಮಕ್ಕಳಿಗೆ ಸಿಕ್ಕ ಹೆಸರು ಎಸ್ಪೊಸಿತೊ, ಹೊರಗಿಟ್ಟ ಕೂಸು ಅಂತ. ಮಿಲಾನಿನಲ್ಲಿ ಕೊಲೊಂಬೊ, ಫ್ಲಾರೆನ್ಸಿನಲ್ಲಿ ಇನ್ನೊಚೆಂತಿ. ಈ ಹೆಸರಿನ ಎಲ್ಲರ ಮೂಲವೂ ಅದೇ ಅನ್ನಲಾಗದು. ಆದರೆ ಪುಟದಲ್ಲಿ ಅಪ್ಪ ಅಮ್ಮನ ಜಾಗ ಖಾಲಿಯಿದ್ದರೆ ಅಲ್ಲಿಗೆ ನಿಲ್ಲಿಸಬೇಕಾಗುತ್ತದೆ.

ಜಾಲತಾಣದಲ್ಲಿ ಸಿಗದ ಕಾಗದಕ್ಕೆ ಕೊಮೂನೆಗೇ ಬರೆಯಬೇಕು. ಇಟಾಲಿಯನ್ನಿನಲ್ಲಿ, ಚಿಕ್ಕದಾಗಿ, ಒಂದು ಪತ್ರಕ್ಕೆ ಒಬ್ಬರ ವಿಷಯ. ಇಸವಿ ಬರೆದರೆ ಹುಡುಕಿಕೊಡುತ್ತಾರೆ, ವಂಶವೃಕ್ಷ ಕೇಳಿದರೆ ಕಾಗದ ಕೆಳಗೆ ಹೋಗುತ್ತದೆ. ಸಣ್ಣ ಊರಿನಲ್ಲಿ ಈ ಕೆಲಸಕ್ಕೆ ಇರುವವರೇ ಒಬ್ಬರೋ ಇಬ್ಬರೋ. ಆಗಸ್ಟಿನಲ್ಲಂತೂ ಉತ್ತರ ನಿರೀಕ್ಷಿಸಬೇಡಿ, ದೇಶವೇ ರಜೆಯಲ್ಲಿರುತ್ತದೆ.

ಈ ಹುಡುಕಾಟಕ್ಕೆ ಇಳಿಯುವವರು ಬಹಳ. 1876ರಿಂದ 1976ರವರೆಗಿನ ನೂರು ವರ್ಷದಲ್ಲಿ ಸುಮಾರು 2.6 ಕೋಟಿ ಜನ ಇಟಲಿ ಬಿಟ್ಟು ಹೋದರು, 1913 ಒಂದರಲ್ಲೇ 8.7 ಲಕ್ಷ. ಅಮೆರಿಕ, ಬ್ರೆಜಿಲ್, ಅರ್ಜೆಂಟೀನಾ. ಪೋಪ್ ಫ್ರಾನ್ಸಿಸ್ ಅವರ ತಂದೆ ಕೂಡ 1929ರಲ್ಲಿ ಉತ್ತರ ಇಟಲಿಯಿಂದ ಬ್ಯೂನಸ್ ಐರಿಸ್‌ಗೆ ಹೋದವರು. 2022ರ ನವೆಂಬರಿನಲ್ಲಿ ಪೋಪ್ ಅದೇ ಸೀಮೆಯ 'ಆಸ್ತಿ' ಎಂಬ ಪಟ್ಟಣಕ್ಕೆ ಬಂದರು, ನೆಪ 90 ತುಂಬಿದ ನೆಂಟರೊಬ್ಬರ ಹುಟ್ಟಿದ ಹಬ್ಬ. ಇಟಲಿ ಸರ್ಕಾರ 2024ನ್ನು 'ಬೇರುಗಳ ವರ್ಷ' ಅಂತಲೇ ಆಚರಿಸಿತು. ಇದರಲ್ಲಿ ಪಾಸ್‌ಪೋರ್ಟಿನ ಆಸೆಯೂ ಇತ್ತು. ಮುತ್ತಜ್ಜನ ಹೆಸರಿನಲ್ಲೂ ಇಟಲಿಯ ಪೌರತ್ವ ಸಿಗುತ್ತಿತ್ತು. 2025ರ ಮಾರ್ಚಿನಲ್ಲಿ ಸರ್ಕಾರ ಅದನ್ನು ಬಿಗಿ ಮಾಡಿತು, ಮೇ ತಿಂಗಳಲ್ಲಿ ಅದು ಕಾನೂನಾಯಿತು. ಈಗ ಹೆಚ್ಚುಕಡಿಮೆ ಅಪ್ಪ ಅಮ್ಮ, ಅಜ್ಜ ಅಜ್ಜಿಯವರೆಗೆ ಮಾತ್ರ, ಅದಕ್ಕೂ ಷರತ್ತುಗಳಿವೆ.

ಊರಿಗೇ ಹೋಗುವವರಿಗೆ ಎರಡು ಮಾತು. ಸ್ಮಶಾನದಲ್ಲಿ ಮುತ್ತಜ್ಜನ ಕಲ್ಲು ಹುಡುಕಿ ನಿರಾಸೆಯಾಗಬೇಡಿ. ಅಲ್ಲಿ ಸಮಾಧಿಯ ಜಾಗ ಇಷ್ಟು ವರ್ಷಕ್ಕೆ ಅಂತ ಕೊಡುವುದು. ಅವಧಿ ಮುಗಿದ ಮೇಲೆ ಮೂಳೆಗಳನ್ನು ತೆಗೆದು ಬೇರೆ ಕಡೆ ಇಡುತ್ತಾರೆ. ಅದರ ಬದಲು ಊರ ನಡುವಿನ ಚೌಕಕ್ಕೆ ಹೋಗಿ. ಮೊದಲ ಮಹಾಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲು ಹೆಚ್ಚುಕಡಿಮೆ ಎಲ್ಲಾ ಊರಲ್ಲೂ ಇದೆ. ನಿಮ್ಮ ಮನೆತನದ ಹೆಸರು ಅಲ್ಲಿದ್ದರೆ ಅದರ ಫೋಟೋ ತೆಗೆದುಕೊಂಡು ಪಕ್ಕದ ಬಾರಿಗೆ ಹೋಗಿ. ಬಾರ್ ಅಂದರೆ ಅಲ್ಲಿ ಕಾಫಿ ಅಂಗಡಿ. ಇಸ್ಪೀಟು ಆಡುತ್ತಾ ಕೂತ ಮುದುಕರು ಯಾವ ಗುಮಾಸ್ತನಿಗಿಂತಲೂ ಜಾಸ್ತಿ ತಿಳಿದಿರುತ್ತಾರೆ. ಹಳೇ ನೆಂಟ ಆಸ್ತಿ ಕೇಳಲು ಬಂದನಾ ಅಂತ ಮೊದಲು ಒಂದು ಅನುಮಾನದ ನೋಟ ಬೀಳಬಹುದು. ಜೇಬಿನಲ್ಲಿ ಹಳೇ ಫೋಟೋ ಇದ್ದರೆ ಒಳ್ಳೆಯದು.

ಅಜ್ಜಿಯ ಮೊಮ್ಮಗಳು ಸೆಪ್ಟೆಂಬರಿನಲ್ಲಿ ಕಲೀತ್ರಿಗೆ ಹೋಗುತ್ತಿದ್ದಾಳೆ. ಆಗಸ್ಟ್ ಬೇಡ ಅಂದವನು ನಾನೇ. ಜನನ ಪತ್ರದಲ್ಲಿದ್ದ ಬೀದಿಯ ಹೆಸರು ಬರೆದುಕೊಟ್ಟಿದ್ದೇನೆ, ಎರಡು ಭೂಕಂಪದ ಮೇಲೆ ಆ ಮನೆ ಇರುವುದು ಅನುಮಾನ ಅಂತಲೂ ಹೇಳಿದ್ದೇನೆ. ಅಜ್ಜಿ ಹೋಗುವುದಿಲ್ಲವಂತೆ. ಊರಿನ ಫೋಟೋ ನೋಡಿ ಮೆಟ್ಟಿಲು ಎಣಿಸಿದರು, ಮೊಣಕಾಲು ಮುಟ್ಟಿಕೊಂಡರು. ಸಾನ್ ಕಾನಿಯೊ ಕಾರ್ಡನ್ನು ಮಾತ್ರ ಮೊಮ್ಮಗಳ ಪಾಸ್‌ಪೋರ್ಟಿನೊಳಗೆ ಇಟ್ಟಿದ್ದಾರೆ, ವಾಪಸು ತರಲೇಬೇಕು ಅಂತ ಮಾತು ತೆಗೆದುಕೊಂಡು.